ನಡಿಗೆಯ ಮರುಪಾಠ



ನಾವಿಬ್ಬರೂ ಇದೇ ಶಾಲೆಯ ಜಗಲಿಯಲ್ಲಿ ಅಕ್ಷರ ತಿದ್ದಿದವರು. ಮುಂದೆ ಫಿಸಿಯೋಥೆರಪಿಯನ್ನು ವೃತ್ತಿಯಾಗಿ ಆರಿಸಿಕೊಂಡು, ಬಿದ್ದವರನ್ನು ಎಬ್ಬಿಸಿ ನಡೆಸುವ ಕೆಲಸದಲ್ಲಿ ತೊಡಗಿದ್ದೇವೆ. ಈ ಶತಮಾನೋತ್ಸವದಲ್ಲಿ ನಮ್ಮ ಶಾಸ್ತ್ರದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾದಾಗ ಅಳುಕಿದೆವು. ನಡೆಯಬಲ್ಲವರ ಮುಂದೆ ನಡಿಗೆಯ ಕುರಿತು ಹೇಳುವುದೇನಿದೆ?

ಆದರೂ ಒಂದು ಲೆಕ್ಕವನ್ನು ಗಮನಿಸಿ. ಒಂದು ಹಿಮ್ಮಡಿ ನೆಲ ಮುಟ್ಟಿದಲ್ಲಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗೆ ನಡಿಗೆಯ ಒಂದು ಆವರ್ತ. ಅದರಲ್ಲಿ ಎರಡೂ ಪಾದಗಳು ನೆಲದ ಮೇಲಿರುವ ಕಾಲ ಶೇಕಡಾ 20ರಷ್ಟು ಮಾತ್ರ. ಉಳಿದ 80 ಭಾಗ ನಾವೆಲ್ಲರೂ ಒಂಟಿಕಾಲಿನವರೇ. ಪಾರ್ಶ್ವವಾಯು ತಗಲಿದವರು ದುರ್ಬಲವಾದ ಕಾಲನ್ನು ಊರಿದೊಡನೆ ಅವಸರದಿಂದ ಎತ್ತಿಬಿಡುವುದೇಕೆಂದು ಇದರಿಂದ ತಿಳಿಯುತ್ತದೆ. ಆ ಕಾಲಿನ ಮೇಲೆ ಅವರಿಗೆ ನಂಬಿಕೆಯಿಲ್ಲ.

1920ರ ದಶಕದಲ್ಲಿ ಮಾಸ್ಕೋದ ಕೇಂದ್ರ ಶ್ರಮ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೀನ್ ಎಂಬ ವಿಜ್ಞಾನಿ, ಸುತ್ತಿಗೆ ಬೀಸುವ ಕೆಲಸಗಾರರ ಮೈಗೆ ಪುಟ್ಟ ದೀಪಗಳನ್ನು ಕಟ್ಟಿ ಛಾಯಾಚಿತ್ರ ತೆಗೆದನು. ಪಳಗಿದ ಕೆಲಸಗಾರನ ಭುಜ, ಮೊಣಕೈ, ಮಣಿಕಟ್ಟುಗಳು ಪ್ರತಿ ಪೆಟ್ಟಿಗೂ ಬೇರೆ ಬೇರೆ ಹಾದಿ ಹಿಡಿಯುತ್ತಿದ್ದವು. ಆದರೂ ಸುತ್ತಿಗೆ ಮಾತ್ರ ಬೀಳಬೇಕಾದಲ್ಲಿಯೇ ಬೀಳುತ್ತಿತ್ತು. ನಮ್ಮ ಊರಿನಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರ ಕೈಯನ್ನು ನೋಡಿದವರಿಗೆ ಇದು ಅಚ್ಚರಿಯೆನಿಸದು. ಅಭ್ಯಾಸವೆಂದರೆ ಒಂದೇ ಚಲನೆಯನ್ನು ಉರುಹೊಡೆಯುವುದಲ್ಲ, ಒಂದೇ ಸಮಸ್ಯೆಯನ್ನು ಪ್ರತಿ ಸಲವೂ ಹೊಸದಾಗಿ ಬಿಡಿಸುವುದು ಎಂಬುದು ಅವನ ನಿಲುವು. ಮಗ್ಗಿ ಉರುಹೊಡೆದು ಬೆಳೆದ ನಮಗೆ ಇದು ತಡವಾಗಿ ಅರ್ಥವಾಯಿತು.

ಎಷ್ಟು ತಡವಾಗಿ ಎಂಬುದನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ವೃತ್ತಿಗೆ ಸೇರಿದ ಹೊಸದರಲ್ಲಿ, ಬಲಗೈ ಬಿದ್ದುಹೋದ ಓರ್ವ ಅಜ್ಜಿ ನಮ್ಮ ಬಳಿಗೆ ಬಂದರು. ಮನೆಮಾತು ಕನ್ನಡ, ಬೇರೆ ಭಾಷೆ ಬಾರದು. ಅಚ್ಚಾದ ವ್ಯಾಯಾಮದ ಹಾಳೆ ಇದ್ದುದು ಇಂಗ್ಲಿಷಿನಲ್ಲಿ ಮತ್ತು ಮಲಯಾಳದಲ್ಲಿ. ಭುಜವನ್ನು ಇಷ್ಟು ಡಿಗ್ರಿ ಎತ್ತಿ, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊಮ್ಮಗನ ಕೈಗೆ ಕೊಟ್ಟು ಕಳುಹಿಸಿದೆವು. ಮೂರು ವಾರದ ಬಳಿಕ ನೋಡಿದರೆ ಅಜ್ಜಿ ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಎಡಗೈಯಿಂದ ಬಲಗೈಯನ್ನು ಹಿಡಿದು ಎತ್ತುತ್ತಿದ್ದರು. ಬಲಗೈ ಮಾಡಿದ ಕೆಲಸ ಸೊನ್ನೆ. ಅವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ನಾವು ಕನ್ನಡ ಬಲ್ಲವರಾಗಿದ್ದೂ ಹಾಳೆಯನ್ನು ಓದಿ ವಿವರಿಸಿರಲಿಲ್ಲ.

ಬಳಸದ ಕೈಯನ್ನು ಮಿದುಳು ಮರೆಯತೊಡಗುತ್ತದೆ. ಅಮೆರಿಕದ ಎಡ್ವರ್ಡ್ ಟೌಬ್ ಅವರು ಮಂಗಗಳಲ್ಲಿ ಇದನ್ನು ಕಂಡು, ಮುಂದೆ ಮನುಷ್ಯರಿಗೆ ಒಂದು ಚಿಕಿತ್ಸೆಯನ್ನು ರೂಪಿಸಿದರು: ಎರಡು ವಾರ ಕಾಲ, ಎಚ್ಚರವಿರುವ ಹೊತ್ತಿನ ಬಹುಭಾಗದಲ್ಲಿ ಒಳ್ಳೆಯ ಕೈಗೆ ಗವಸು ತೊಡಿಸಿ, ದುರ್ಬಲ ಕೈಯಿಂದಲೇ ದುಡಿಸುವುದು. ಬೆರಳುಗಳಲ್ಲಿ ಅಲ್ಪಸ್ವಲ್ಪವಾದರೂ ಚಲನೆ ಉಳಿದವರಿಗೆ ಮಾತ್ರ ಇದು ಸಲ್ಲುತ್ತದೆ. ಇನ್ನೊಂದು ಸಂಶೋಧನೆ ಗೇಬ್ರಿಯೆಲಾ ವುಲ್ಫ್ ಮತ್ತು ಸಂಗಡಿಗರದು, 1998ರಲ್ಲಿ ಪ್ರಕಟವಾದದ್ದು. ಹಿಮಜಾರಾಟದ ಯಂತ್ರದ ಮೇಲೆ ಕಲಿಯುವವರಲ್ಲಿ, ಪಾದದ ಮೇಲೆ ಗಮನವಿಟ್ಟವರಿಗಿಂತ ಪಾದದಡಿಯ ಹಲಗೆಯ ಚಕ್ರಗಳ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರು. ಅಂದರೆ, "ಭುಜ ಎತ್ತಿ" ಎನ್ನುವುದಕ್ಕಿಂತ "ಲೋಟವನ್ನು ಗೂಡಿನಲ್ಲಿಡಿ" ಎನ್ನುವುದು ಮೇಲು.

ಹಾಗೆ ಹೇಳಲು ಮನೆಯಲ್ಲಿ ಗೂಡು ಎಲ್ಲಿದೆಯೆಂದು ಕೇಳಬೇಕು. ನಾವು ಕೇಳಿದೆವು. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಹೆಕ್ಕುವುದು, ಸೇವಂತಿಗೆ ಕಟ್ಟುವುದು, ತೋಟದ ತೋಡಿಗೆ ಹಾಕಿದ ಸಂಕ ದಾಟುವುದು ಅವರ ದಿನಚರಿ. ಅದನ್ನೇ ವ್ಯಾಯಾಮವಾಗಿ ಕನ್ನಡದಲ್ಲಿ ಬರೆದುಕೊಟ್ಟೆವು. ಹೂ ಕಟ್ಟುವಷ್ಟು ಬೆರಳು ಮರಳಲಿಲ್ಲ. ಅಡಿಕೆ ಹೆಕ್ಕುವಷ್ಟು ಮರಳಿತು. ಸಂಕವನ್ನು ಮಾತ್ರ ಮಗನ ಕೈಹಿಡಿದೇ ದಾಟುತ್ತಿದ್ದರು. ಆ ಮೂರು ವಾರಗಳು ವ್ಯರ್ಥವಾಗದಿದ್ದರೆ ಇನ್ನೂ ಎಷ್ಟು ಮರಳುತ್ತಿತ್ತೋ ಎಂಬ ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಬದುಕಿನ ರೀತಿಯನ್ನು ಮೊದಲು ಕೇಳಿ ಬಳಿಕ ಉಪಕರಣ ಮಾಡಿದ ದೊಡ್ಡ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಪಾಶ್ಚಾತ್ಯ ಮಾದರಿಯ ಕೃತಕ ಪಾದಕ್ಕೆ ಬೂಟು ಬೇಕು; ಅದರಲ್ಲಿ ಕುಕ್ಕರಗಾಲಿನಲ್ಲಿ ಕೂರಲಾಗದು, ಗದ್ದೆಗೆ ಇಳಿಯಲಾಗದು. 1968ರ ಸುಮಾರಿಗೆ ಜೈಪುರದಲ್ಲಿ ಶಸ್ತ್ರವೈದ್ಯ ಪ್ರಮೋದ ಕರಣ್ ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಅವರು ರಬ್ಬರಿನ ಪಾದವೊಂದನ್ನು ರೂಪಿಸಿದರು. ಬರಿಗಾಲಿನ ನಡಿಗೆಗೂ, ನೆಲದ ಮೇಲಿನ ಊಟಕ್ಕೂ ಅದು ಬಗ್ಗುತ್ತದೆ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಶರ್ಮರ ಹೆಸರನ್ನೂ ಜೊತೆಗೆ ನೆನೆಯಬೇಕೆಂಬುದು ನಮ್ಮ ಆಗ್ರಹ.

ಪೋಷಕರಲ್ಲಿ ಒಂದು ವಿನಂತಿ. ಮನೆಯಲ್ಲಿ ಪಾರ್ಶ್ವವಾಯು ಪೀಡಿತರಿದ್ದರೆ ಸೋತ ಕೈಯನ್ನು ಹಿಡಿದೆಳೆದು ಎಬ್ಬಿಸಬೇಡಿ. ಆ ಭುಜದ ಕೀಲು ಸಡಿಲವಾಗಿರುತ್ತದೆ, ಸುಲಭವಾಗಿ ಜಾರುತ್ತದೆ. ಅಜ್ಜಿಗಾಗಿ ಬರೆದ ಹಾಳೆಯನ್ನು ಹಲವು ಸಲ ತಿದ್ದಿ, ಪ್ರತಿಗಳನ್ನು ಆ ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಿದ್ದೇವೆ. ಚಿಕಿತ್ಸಕರಿಗೆ ಒಮ್ಮೆ ತೋರಿಸಿ ಬಳಸಿಕೊಳ್ಳಿ. ಕಾಗುಣಿತದ ತಪ್ಪುಗಳಿದ್ದರೆ ನಮ್ಮ ಕನ್ನಡ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಡಬೇಕು.