ಪೊಟ್ಯಾಸಿಯಂ ಆಂಪೂಲ್ ಇರಬೇಕಾದ ಜಾಗ

ರಾಮನಗರದ ಜಿಲ್ಲಾಸ್ಪತ್ರೆಯಾಗಲಿ, ಚನ್ನಪಟ್ಟಣ, ಕನಕಪುರ, ಮಾಗಡಿಯ ತಾಲ್ಲೂಕು ಆಸ್ಪತ್ರೆಗಳಾಗಲಿ, ವಾಂತಿಭೇದಿಯಿಂದ ಸೋತು ಬಂದವರ ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿರುವುದು ಅಪರೂಪವಲ್ಲ. ಲೀಟರಿಗೆ 3.5ರಿಂದ 5 ಮಿಲಿ ಇಕ್ವಿವಲೆಂಟ್ ಇರಬೇಕಾದದ್ದು ತೀರ ಇಳಿದರೆ ಕೈಕಾಲು ಸೋಲುತ್ತವೆ, ಹೃದಯದ ಬಡಿತ ಹದ ತಪ್ಪುತ್ತದೆ. ಅದನ್ನೇ ನರಕ್ಕೆ ಒಮ್ಮೆಲೇ ನುಗ್ಗಿಸಿದರೆ ಹೃದಯ ನಿಂತೇಹೋಗುತ್ತದೆ. ಇಂಥ ಔಷಧಕ್ಕೆ ‘ಎಚ್ಚರಿಕೆಯಿಂದ ಕೊಡಿ’ ಎಂದಷ್ಟೇ ಬರೆದ ಮಾರ್ಗಸೂಚಿ ಗೋಡೆಗೆ ಅಲಂಕಾರ. ಆಂಪೂಲ್ ಎಲ್ಲಿರಬೇಕು, ಯಾರು ಬೆರೆಸಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಜಾಯಿಂಟ್ ಕಮಿಷನ್, ಪೊಟ್ಯಾಸಿಯಂ ತಪ್ಪಾಗಿ ಕೊಟ್ಟು ಆದ 10 ಸಾವುಗಳ ಪರಿಶೀಲನೆಯನ್ನು 1998ರಲ್ಲಿ ಪ್ರಕಟಿಸಿತು. 8ರಲ್ಲಿ ಗಾಢ ದ್ರಾವಣವೇ ನೇರವಾಗಿ ದೇಹ ಸೇರಿತ್ತು. ಅವುಗಳಲ್ಲಿ 6 ಕಡೆ ಬೇರೆ ಔಷಧವೆಂದು ತಿಳಿದು ಕೊಟ್ಟಿದ್ದರು. ಅನುಭವಿಗಳ ಕಣ್ಣೂ ತಪ್ಪುತ್ತದೆ. ಆದ್ದರಿಂದಲೇ ವಾರ್ಡಿನ ಟ್ರೇಯಲ್ಲಿ ಆ ಆಂಪೂಲ್ ಇರಕೂಡದು, ಫಾರ್ಮಸಿಯಲ್ಲೇ ಇರಬೇಕು.

ರಾತ್ರಿ ಫಾರ್ಮಸಿಗೆ ಬೀಗ ಬಿದ್ದಾಗ ಏನು ಮಾಡುವುದು ಎಂಬ ಆಕ್ಷೇಪ ನ್ಯಾಯವಾದದ್ದೇ. ತುರ್ತು ವಿಭಾಗದಲ್ಲಿ ಪ್ರತ್ಯೇಕ ಬೀಗದ ಪೆಟ್ಟಿಗೆ, ತೆಗೆಯುವಾಗ ಇಬ್ಬರ ಸಹಿ ಇದ್ದರೆ ಸಾಕು. ನುಂಗಬಲ್ಲ ರೋಗಿಗೆ, ಕೊರತೆ ತೀವ್ರವಲ್ಲದಿದ್ದರೆ, ಸಿರಪ್ಪೇ ಸಾಕಾಗುತ್ತದೆ. ಡ್ರಿಪ್ಪೇ ಬೇಕೆಂದಾದರೆ ಮೊದಲು ಮೂತ್ರ ಸರಿಯಾಗಿ ಹೋಗುತ್ತಿದೆಯೇ ನೋಡಬೇಕು. ಪೊಟ್ಯಾಸಿಯಂ ಕ್ಲೋರೈಡಿನ ಶೇ 15ರ 10 ಮಿ.ಲೀ. ಆಂಪೂಲ್‌ನಲ್ಲಿ 20 ಮಿಲಿ ಇಕ್ವಿವಲೆಂಟ್ ಇರುತ್ತದೆ. ಅದನ್ನು 500 ಮಿ.ಲೀ. ನಾರ್ಮಲ್ ಸಲೈನಿಗೆ ಬೆರೆಸಿ ನಾಲ್ಕು ಗಂಟೆಯಲ್ಲಿ ಹರಿಸಿದರೆ ಗಂಟೆಗೆ 5 ಮಿಲಿ ಇಕ್ವಿವಲೆಂಟ್, ಮಿ.ಲೀ.ಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ ಸುಮಾರು 42 ಹನಿ. ನೇತುಹಾಕಿದ ಬಾಟಲಿಗೇ ಚುಚ್ಚಿ ಬೆರೆಸುವ ರೂಢಿ ಅಪಾಯಕಾರಿ: ಭಾರವಾದ ದ್ರಾವಣ ತಳದಲ್ಲೇ ಕೂತು, ಮೊದಲ ಹನಿಗಳಲ್ಲೇ ಬಹುಪಾಲು ಇಳಿದುಬಿಡುತ್ತದೆ. ಬಾಟಲಿ ಕೆಳಗಿಳಿಸಿ, ಬೆರೆಸಿ, ನಾಲ್ಕಾರು ಬಾರಿ ತಲೆಕೆಳಗು ಮಾಡಿದ ಮೇಲೆಯೇ ತೂಗುಹಾಕಬೇಕು.

ಇದೆಲ್ಲ ದೊಡ್ಡಾಸ್ಪತ್ರೆಗಳ ನಿಯಮ, ಮಾನಿಟರೂ ಇಲ್ಲದ, ರಾತ್ರಿ ಒಬ್ಬರೇ ನರ್ಸ್ ಇರುವ ವಾರ್ಡಿಗೆ ಹೊಂದದು ಎನ್ನುವವರಿದ್ದಾರೆ. ನನಗೆ ಇದು ತಿರುವುಮುರುವಾದ ವಾದವಾಗಿ ಕಾಣುತ್ತದೆ. ಕಾಯುವ ಕಣ್ಣು ಕಡಿಮೆಯಿದ್ದಲ್ಲೇ ನಿಯಮ ಬಿಗಿಯಾಗಬೇಕು. ಮಾನಿಟರ್ ಇಲ್ಲದಲ್ಲಿ ಗಂಟೆಗೆ 10 ಮಿಲಿ ಇಕ್ವಿವಲೆಂಟ್‌ನ ಮಿತಿ ಮೀರಲೇಬಾರದು. ಅದಕ್ಕಿಂತ ವೇಗ ಬೇಕಾದವರನ್ನು ಐಸಿಯುಗೆ ಕಳಿಸಬೇಕು. ಬೆಂಗಳೂರಿಗೆ ಕಳಿಸುವಾಗ 108 ವಾಹನದ ಕುಲುಕಾಟದಲ್ಲಿ ಡ್ರಿಪ್ಪಿನ ರೋಲರ್ ಸಡಿಲವಾದರೆ ಹನಿಯ ಲೆಕ್ಕ ಕೆಡುತ್ತದೆ. ಪಂಪ್ ಇಲ್ಲದಿದ್ದರೆ, ಹೃದಯದ ಸ್ಥಿತಿ ತಡೆಯುವಂತಿದ್ದರೆ, ವೈದ್ಯರು ಪೊಟ್ಯಾಸಿಯಂ ಡ್ರಿಪ್ ನಿಲ್ಲಿಸಿಯೇ ಕಳಿಸಲಿ. ಎಷ್ಟು ಹೋಗಿದೆ, ಯಾವಾಗ ನಿಲ್ಲಿಸಲಾಯಿತು, ಕೊನೆಯ ರಕ್ತಪರೀಕ್ಷೆ ಯಾವ ಹೊತ್ತಿನದು ಎಂಬುದು ರೆಫರಲ್ ಚೀಟಿಯ ಮೊದಲ ಸಾಲಿನಲ್ಲೇ ಇರಲಿ.