ಪರದೆಗೆ ಕೇಳಿಸದ ಓದು



ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಕರ್ನಾಟಕದ ಶಾಲೆಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಲ್ಲಿಯವರೆಗೆ ಮೊಬೈಲ್ ಪಾಠ, ದೂರದರ್ಶನದ ಪಾಠ. ಮಕ್ಕಳು ಹೊಸದನ್ನು ಕಲಿಯಲಿಲ್ಲ ಎಂಬುದು ಅರ್ಧ ಸಂಗತಿ, ಕಲಿತದ್ದನ್ನೂ ಮರೆತರು.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ 5 ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳ ಕಲಿಕೆಯನ್ನು ಪರಿಶೀಲಿಸಿತು. ಹಿಂದಿನ ವರ್ಷವಿದ್ದ ಒಂದಾದರೂ ಸಾಮರ್ಥ್ಯವನ್ನು ಭಾಷೆಯಲ್ಲಿ ಶೇಕಡಾ 92, ಗಣಿತದಲ್ಲಿ ಶೇಕಡಾ 82 ಮಕ್ಕಳು ಕಳೆದುಕೊಂಡಿದ್ದರು. ಸಾಮರ್ಥ್ಯವೆಂದರೆ ದೊಡ್ಡದೇನಲ್ಲ: ಚಿತ್ರ ನೋಡಿ ಬಾಯಲ್ಲಿ ವಿವರಿಸುವುದು, ಪರಿಚಿತ ಪದಗಳನ್ನು ಓದುವುದು, ಇಂಥವೇ.

ಏಕೆ ಹೀಗಾಯಿತು? ಬೆರಳಿಟ್ಟು ಓದುವ ಮಗು 'ಅಕ್ಕ' ಎಂಬುದನ್ನು 'ಅಕ' ಎಂದರೆ ತರಗತಿಯಲ್ಲಿ ಟೀಚರು ಆ ಕ್ಷಣವೇ ತಿದ್ದುತ್ತಾರೆ. ಕಾರ್ಯಕ್ರಮ ತಯಾರಿಸುವ ನಮಗೆ ಇದು ಚೆನ್ನಾಗಿ ಗೊತ್ತು: ಪರದೆ ತೋರಿಸುತ್ತದೆ, ಕೇಳಿಸಿಕೊಳ್ಳುವುದಿಲ್ಲ. ನಿಮ್ಮಂಥ ದೊಡ್ಡವರು ತಪ್ಪಿದ್ದನ್ನು ಪುಸ್ತಕದಲ್ಲಿ ನೋಡಿಕೊಳ್ಳಬಲ್ಲಿರಿ. ಓದಲೇ ಬಾರದ ಮಗು ಎಲ್ಲಿ ನೋಡೀತು?

ಎಲ್ಲರಿಗೂ ಮೊಬೈಲ್ ಸಿಕ್ಕಿದ್ದರೆ ಸರಿಹೋಗುತ್ತಿತ್ತೇ? ಇಂಟರ್‌ನೆಟ್ ಸೌಲಭ್ಯ ಚೆನ್ನಾಗಿರುವ ನೆದರ್ಲೆಂಡ್ಸ್‌ನಲ್ಲಿ ಶಾಲೆ ಮುಚ್ಚಿದ್ದು ಸುಮಾರು 8 ವಾರ. ಅಲ್ಲಿಯೂ ಪ್ರಾಥಮಿಕ ಶಾಲಾ ಮಕ್ಕಳಿಗಾದ ನಷ್ಟ ಶಾಲಾ ವರ್ಷದ ಐದನೇ ಒಂದು ಭಾಗದಷ್ಟು ಎಂದು 2021ರ ಅಧ್ಯಯನವೊಂದು ತೋರಿಸಿತು. ಹೆಚ್ಚು ಓದಿರದ ತಂದೆತಾಯಿಗಳ ಮಕ್ಕಳಿಗೆ ನಷ್ಟ ಇನ್ನೂ ಹೆಚ್ಚು.

ನಮ್ಮ ರಾಜ್ಯವು 2022-23ರಲ್ಲಿ 'ಕಲಿಕಾ ಚೇತರಿಕೆ' ಕಾರ್ಯಕ್ರಮ ನಡೆಸಿತು. ಆದರೂ, ಆ ದಿನಗಳಲ್ಲಿ ಒಂದನೇ ತರಗತಿಯಲ್ಲಿದ್ದ ತಮ್ಮನೋ ತಂಗಿಯೋ ನಿಮ್ಮ ಮನೆಯಲ್ಲಿದ್ದರೆ, ಇಂದು ಸಂಜೆ ಒಂದು ಪುಟ ಗಟ್ಟಿಯಾಗಿ ಓದಿಸಿ. ಪಕ್ಕದಲ್ಲಿ ಕೂತು ಕೇಳಿ.