ಚಿನ್ನದ ಸಂದಿಯಲ್ಲಿ ಬೆಳಕು

ಪುಣೆಯಲ್ಲಿ ಕೋಡ್ ಬರೆಯೋದು ನನ್ನ ಹೊಟ್ಟೆಪಾಡು. ಎಂಟೆಕ್‌ನಲ್ಲಿ ಮಾತ್ರ ಬೆಳಕಿನ ಹಿಂದೆ ಬಿದ್ದಿದ್ದೆ.

ಫೈಬರ್‌ನಲ್ಲಿ ಬರುವ ಬೆಳಕಿನ ತರಂಗಾಂತರ ಸುಮಾರು 1550 ನ್ಯಾನೋಮೀಟರ್. ಚಿಪ್‌ನೊಳಗೆ ಅದಕ್ಕೆ ಸುಮಾರು 450 ನ್ಯಾನೋಮೀಟರ್ ಅಗಲದ ಸಿಲಿಕಾನ್ ದಾರಿ ಹಾಕ್ತಾರೆ. ತೀರಾ ಕಿರಿದು ಮಾಡಿದ್ರೆ ಬೆಳಕು ಆಚೆ ಚೆಲ್ಲುತ್ತೆ. ಆದರೆ ಎರಡು ಚಿನ್ನದ ಗೋಡೆಗಳ ನಡುವೆ ನೂರು ನ್ಯಾನೋಮೀಟರ್ ಸಂದಿ ಬಿಟ್ಟರೂ ನುಗ್ಗುತ್ತೆ! ಲೋಹದ ಮೇಲ್ಮೈಯ ಎಲೆಕ್ಟ್ರಾನ್‌ಗಳು ಬೆಳಕಿನ ಜೊತೆ ತೂಗಾಡ್ತವೆ, ಅದೇ ಪ್ಲಾಸ್ಮಾನ್. ಸುಂಕ ಕಟ್ಟೋದೂ ಅಲ್ಲೇ: ಸಾಗಿದಷ್ಟೂ ಬೆಳಕು ಶಾಖವಾಗಿ ಕರಗುತ್ತೆ.

ನನ್ನ ಸಿಮ್ಯುಲೇಶನ್‌ನಲ್ಲಿ ಒಂದು ಮಿಲಿಮೀಟರ್ ಉದ್ದದ ಸಂದಿ ಹಾಕಿದ್ದೆ. ಆಚೆ ತುದಿಯಲ್ಲಿ ಕತ್ತಲೆ. ಮೆಶ್ ಸಣ್ಣ ಮಾಡಿದೆ, ರಾತ್ರಿಗಟ್ಟಲೆ ಓಡಿಸಿದೆ, ಬಗ್ ಹುಡುಕಿದೆ. ಬಗ್ ಇರಲಿಲ್ಲ, ಬೆಳಕೂ ಇರಲಿಲ್ಲ. ಥೀಸಿಸ್‌ನಲ್ಲಿ ‘ಉಪಯೋಗಕ್ಕೆ ಬಾರದು’ ಅಂತ ಬರೆದು, ಸಾಫ್ಟ್‌ವೇರ್‌ಗೆ ಬಂದುಬಿಟ್ಟೆ.

2015ರಲ್ಲಿ ಜ್ಯೂರಿಕ್‌ನ ಇಟಿಎಚ್ ತಂಡ ಇಂಥದ್ದೇ ಸಂದಿಯಲ್ಲಿ ಮಾಡ್ಯುಲೇಟರ್ ಮಾಡಿ ತೋರಿಸಿತು. ವೇಗ 70 ಗಿಗಾಹರ್ಟ್ಸ್, ಉದ್ದ ಬರೀ 10 ಮೈಕ್ರೋಮೀಟರ್! ಬೆಳಕನ್ನು ಅಲ್ಲಿವರೆಗೆ ತಂದು ಬಿಡೋಕೆ ಸಿಲಿಕಾನ್. ವಿದ್ಯುತ್ ಸಂಕೇತವನ್ನು ಬೆಳಕಿಗೆ ಹೊರಿಸೋ ಜಾಗದಲ್ಲಷ್ಟೇ ಚಿನ್ನ. ನಾನು ಹೆದ್ದಾರಿ ಕಟ್ಟೋಕೆ ಹೋಗಿದ್ದೆ, ಅವರು ಟೋಲ್ ಗೇಟ್ ಕಟ್ಟಿದ್ರು. ತೊಂದರೆ ಮುಗಿದಿಲ್ಲ ಬಿಡಿ, ಸಿಲಿಕಾನ್ ಕೆಡಿಸುತ್ತೆ ಅಂತ ಚಿಪ್ ಕಾರ್ಖಾನೆಯವರಿಗೆ ಚಿನ್ನ ಕಂಡರೆ ಆಗಲ್ಲ.

ಮೊನ್ನೆ ಹಳೇ ಫೈಲ್ ತೆಗೆದು ಉದ್ದ 10 ಅಂತ ಬದಲಿಸಿ ಓಡಿಸಿದೆ. ತುದಿಯಲ್ಲಿ ಬೆಳಕು ಬಂತು.